ಉಡದ ಪಟ್ಟು

ಸಂಸ್ಕೃತದಲ್ಲಿ ‘ದಾಯ’ವೆಂದರೆ ಹಿರಿಯರಿಂದ ಬಂದ ಸ್ವತ್ತು, ಅದಕ್ಕೆ ಹಕ್ಕುಳ್ಳವನು ‘ದಾಯಾದ’. ಕನ್ನಡಿಗರ ಬಾಯಲ್ಲಿ ಆ ಶಬ್ದವೇ ‘ದಾಯಾದಿ’ಯಾಗಿ, ಪಾಲಿಗಾಗಿ ಬಡಿದಾಡುವ ಅಣ್ಣತಮ್ಮಂದಿರ ಹೆಸರಾಯಿತು. ಮನೆತನಗಳ ಚರಿತ್ರೆಯ ಬಹುಭಾಗವು ಈ ಒಂದು ಅರ್ಥಾಂತರದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಹಿರಿಯರ ಹೊಲಮನೆಗಳೊಡನೆ ಅವರ ಕೀರ್ತಿಯೂ, ಕೀರ್ತಿಯ ಬೆನ್ನಿಗೆ ಕಳಂಕವೂ ಮಕ್ಕಳಿಗೆ ಇಳಿದುಬರುತ್ತವೆ.

ಇದಕ್ಕೆ ನಿದರ್ಶನವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಮಗ್ಗಗಳ ಊರಾದ ರಬಕವಿಯು ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು; ಮೂಡಲ ದಿಕ್ಕಿನ ಜಮಖಂಡಿಯು ಬೇರೊಂದು ಸಂಸ್ಥಾನದ ರಾಜಧಾನಿ. ಎರಡರ ಒಡೆಯರೂ ಪಟವರ್ಧನರೇ. ಒಂದೇ ಮನೆತನ ಪಾಲಾದುದರಿಂದ ನಾಡೂ ಪಾಲಾಗಿ, ನೆಯ್ದ ಸೀರೆಯ ಗಂಟನ್ನು ಹೊತ್ತು ಸಂತೆಗೆ ಹೊರಟ ನೇಕಾರನು ಯಾರೋ ಅಣ್ಣತಮ್ಮಂದಿರು ಹಾಕಿದ ಗಡಿಯನ್ನು ದಾಟಬೇಕಾಗುತ್ತಿದ್ದಿತು. ಆಗ್ನೇಯಕ್ಕೆ ಘಟಪ್ರಭೆಯ ಸೀಮೆಯಲ್ಲಿ ಮುಧೋಳ, ಮೂರನೆಯ ಸಂಸ್ಥಾನ. ಅಲ್ಲಿ ಆಳಿದವರು ಘೋರ್ಪಡೆಯವರು. ಈ ಮೂರು ಅರಸುಮನೆಗಳಲ್ಲಿ ಹಳೆಯದು ಇದೇ.

ಮರಾಠಿಯಲ್ಲಿ ‘ಘೋರಪಡ’ವೆಂದರೆ ಉಡ. ಮನೆತನದ ಐತಿಹ್ಯವು ಹೀಗಿದೆ: ಹದಿನೈದನೆಯ ಶತಮಾನದಲ್ಲಿ ಬಹಮನಿಯ ಮಂತ್ರಿ ಮಹಮೂದ್ ಗವಾನನು ಕೊಂಕಣದ ಮೇಲೆ ದಂಡೆತ್ತಿ ಹೋದಾಗ, ಈಗ ವಿಶಾಳಗಡವೆನಿಸಿರುವ ಖೇಳಣಾ ಕೋಟೆಯು ಕೈವಶವಾಗಲೊಲ್ಲದು. ಆಗ ಮನೆತನದ ಮೂಲಪುರುಷನು ಉಡದ ನಡುವಿಗೆ ಹಗ್ಗ ಕಟ್ಟಿ ಬಂಡೆಯ ಮೇಲೆ ಹತ್ತಿಸಿ, ಆ ಹಗ್ಗವನ್ನು ಹಿಡಿದು ಕೋಟೆಯನ್ನೇರಿದನಂತೆ. ಆ ಸಾಹಸಕ್ಕಾಗಿ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದೂ, ಮುಧೋಳದೊಡನೆ ಎಂಭತ್ತನಾಲ್ಕು ಹಳ್ಳಿಗಳೂ ದೊರೆತುವೆಂದು ಹೇಳಿಕೆ. ಇದೇ ಕಥೆಯನ್ನು ಮಹಾರಾಷ್ಟ್ರದವರು ೧೬೭೦ರಲ್ಲಿ ಸಿಂಹಗಡವನ್ನೇರಿದ ತಾನಾಜಿಯ ವಿಷಯವಾಗಿಯೂ ಹೇಳುತ್ತಾರೆ. ಆದುದರಿಂದ ವಿವೇಚಕನು ಇದನ್ನು ಚರಿತ್ರೆಯೆನ್ನಲು ಹಿಂಜರಿದಾನು. ದೂರದ ಸ್ಕಾಟ್ಲೆಂಡಿನಲ್ಲಿಯೂ ಎರೋಲಿನ ಪ್ರಭುಗಳಾದ ‘ಹೇ’ ಮನೆತನದವರು ಇಂತಹದೇ ಕಥೆಯೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಸೋತು ಓಡುತ್ತಿದ್ದ ಸೈನ್ಯವನ್ನು ಒಬ್ಬ ಒಕ್ಕಲಿಗನೂ ಅವನ ಮಕ್ಕಳಿಬ್ಬರೂ ನೇಗಿಲ ನೊಗವನ್ನೇ ಆಯುಧವಾಗಿ ಹಿಡಿದು ತಡೆದು ನಿಲ್ಲಿಸಿ ಗೆಲ್ಲಿಸಿದರೆಂದೂ, ಅವರೇ ತಮ್ಮ ಮೂಲಪುರುಷರೆಂದೂ ಆ ಪ್ರಭುಗಳ ನಂಬಿಕೆ. ಅವರ ಲಾಂಛನದಲ್ಲಿ ನೊಗ ಹೊತ್ತ ಒಕ್ಕಲಿಗರು ನಿಂತಿದ್ದಾರೆ. ಧ್ಯೇಯವಾಕ್ಯವು ‘ನೊಗವನ್ನು ಕಾಪಾಡು’ ಎಂದು. ಚರಿತ್ರಕಾರರು ಆ ಕಥೆಯನ್ನೂ ಒಪ್ಪುವುದಿಲ್ಲ. ಆದರೂ ಒಂದು ಕುಲವು ತನ್ನನ್ನು ಯಾವ ಗುಣದಿಂದ ಗುರುತಿಸಿಕೊಳ್ಳಬಯಸಿತೆಂಬುದಕ್ಕೆ ಇಂತಹ ಕಥೆಗಳು ಸಾಕ್ಷಿ. ‘ಉಡದ ಪಟ್ಟು’ ಎಂಬ ನಮ್ಮ ನುಡಿಗಟ್ಟು ಘೋರ್ಪಡೆಯವರಿಗೆ ಹುಟ್ಟುಹೆಸರಾಗಿಯೇ ಬಂದಿತು.

ಪಟ್ಟು ಯಾವುದರ ಮೇಲೆ ಎಂಬುದೇ ಮುಂದಿನ ಪ್ರಶ್ನೆ. ಘೋರ್ಪಡೆಯವರೂ ಭೋಸಲೆಯವರೂ ತಾವು ಮೇವಾಡದ ಸಿಸೋದಿಯಾ ವಂಶದ ಒಂದೇ ಬೇರಿನ ಕವಲುಗಳೆಂದು ಹೇಳಿಕೊಳ್ಳುವರು. ಹೀಗಿರಲು ೧೬೪೮ರಲ್ಲಿ ಜಿಂಜಿಯ ಬಳಿ, ವಿಜಾಪುರದ ಸೇನಾಪತಿ ಮುಸ್ತಫಾಖಾನನ ಅಪ್ಪಣೆಯಂತೆ, ಶಿವಾಜಿಯ ತಂದೆಯಾದ ಶಹಾಜಿಯನ್ನು ಸೆರೆಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೇ ಮುಂದಾಳಾಗಿದ್ದನು. ಮರುವರುಷ ಕೊಂಡಾಣಾ ಕೋಟೆಯನ್ನು ಬಿಟ್ಟುಕೊಟ್ಟ ಮೇಲೆ ಶಹಾಜಿಗೆ ಬಿಡುಗಡೆಯಾಯಿತು. ಮಗನ ಮನಸ್ಸಿನಿಂದ ಹಗೆ ಬಿಡುಗಡೆಯಾಗಲಿಲ್ಲ. ೧೬೬೪ರಲ್ಲಿ ಶಿವಾಜಿಯು ಮುಧೋಳದ ಮೇಲೆ ಬಿದ್ದನು. ಬಾಜಿ ಘೋರ್ಪಡೆ ಮಡಿದನು, ಊರು ಸೂರೆಯಾಯಿತು.

ಬಾಜಿಯನ್ನು ಕುಲದ್ರೋಹಿಯೆನ್ನುವುದು ಸುಲಭ. ಆದರೆ ಅವನು ಉಂಡದ್ದು ವಿಜಾಪುರದ ಅನ್ನ. ಹಳಗನ್ನಡದ ಕವಿಗಳು ‘ಜೋಳದ ಪಾಳಿ’ಯೆಂದು ಕರೆದ ಅನ್ನದ ಋಣವು ಒಂದು ಕಡೆ, ರಕ್ತದ ಋಣವು ಇನ್ನೊಂದು ಕಡೆ ಎಳೆದಾಗ, ಯಾವುದನ್ನು ಹಿಡಿದರೂ ಮತ್ತೊಂದಕ್ಕೆ ದ್ರೋಹವೇ. ಇತ್ತ ತಂದೆಯ ಅವಮಾನವನ್ನು ನೆನೆದು ಹದಿನಾರು ವರುಷ ಕಾದಿದ್ದ ಮಗನನ್ನು ನಿಂದಿಸಲು ಯಾವ ಮಗನಿಗೆ ಬಾಯಿ ಬಂದೀತು? ಸೋಜಿಗವೆಂದರೆ, ಇದನ್ನು ತೂಗಬಲ್ಲ ತಕ್ಕಡಿಯು ಮುಧೋಳದಲ್ಲಿಯೇ ಹುಟ್ಟಿದ್ದಿತು. ಊರು ಮುದುವೊಳಲಾಗಿದ್ದ ಕಾಲದಲ್ಲಿ, ೯೪೯ರಲ್ಲಿ, ಬಳೆಗಾರರ ಮನೆಯಲ್ಲಿ ಜನಿಸಿದ ರನ್ನನು ‘ಗದಾಯುದ್ಧ’ದಲ್ಲಿ ಬರೆದದ್ದು ದಾಯಾದಿಗಳ ಕದನವನ್ನೇ. ಭೀಮನ ಪಕ್ಷವನ್ನು ವಹಿಸಿದ ಆ ಕವಿಯು ದುರ್ಯೋಧನನ ಛಲಕ್ಕೂ ದುಃಖಕ್ಕೂ ಸಲ್ಲಬೇಕಾದ ಗೌರವವನ್ನು ಕಿಂಚಿತ್ತೂ ಕಡಮೆ ಮಾಡಲಿಲ್ಲ. ಬಾಜಿಯಾಗಲಿ ಶಿವಾಜಿಯಾಗಲಿ ಅಂತಹ ಕಣ್ಣಿಗೆ ಬಿದ್ದಿದ್ದರೆ ಇಬ್ಬರಿಗೂ ನ್ಯಾಯ ದೊರೆಯುತ್ತಿದ್ದಿತು.

೧೯೪೮ರ ಮಾರ್ಚಿ ತಿಂಗಳಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಬಿರುದೂ ತೋಪಿನ ಸಲಾಮೂ ಕಥೆಯಾದುವು. ಉಳಿದದ್ದು ಯಾರೂ ಎಣಿಸದಿದ್ದ ಒಂದು ದಾಯ: ಮುಧೋಳದ ಬೇಟೆನಾಯಿ. ನೀಳ ಮೋರೆ, ಬತ್ತಿದ ಹೊಟ್ಟೆ, ಬಾಣದಂತಹ ಓಟದ ಆ ತಳಿಯನ್ನು ಮಾಲೋಜಿರಾವ್ ಘೋರ್ಪಡೆಯವರು ಅಕ್ಕರೆಯಿಂದ ಬೆಳೆಯಿಸಿ, ಐದನೆಯ ಜಾರ್ಜ್ ದೊರೆಗೂ ಒಂದು ಜೊತೆಯನ್ನು ಕಾಣಿಕೆಯಾಗಿತ್ತರು. ೨೦೦೫ರಲ್ಲಿ ಅದರ ಚಿತ್ರ ಅಂಚೆಚೀಟಿಯಲ್ಲಿ ಮೂಡಿತು. ಈಗ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನ ಕೇಂದ್ರವಿದೆ. ಅರಸರು ಅದಕ್ಕೆ ಹೆಸರು ತಂದುಕೊಟ್ಟರು. ರೊಟ್ಟಿಯ ತುಣುಕು ಹಾಕಿ ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಟ್ಟವರು ಬೇಡರೂ ಕುರಿಗಾಹಿಗಳೂ ಒಕ್ಕಲಿಗರೂ. ಈ ದಾಯಕ್ಕೆ ದಾಯಾದಿಗಳಿಲ್ಲ. ಹಂಚಿದಷ್ಟೂ ಬೆಳೆಯುವ ಸ್ವತ್ತು ಇದು.

ಮನೆಮನೆಯಲ್ಲಿಯೂ ಹಳೆಯ ಪೆಟ್ಟಿಗೆಯ ತಳದಲ್ಲಿ ವಂಶಾವಳಿಯ ಕಾಗದವೊಂದು ಇರುವುದುಂಟು. ಅದನ್ನು ಶುದ್ಧಪ್ರತಿ ಮಾಡಿಸುವ ಗೃಹಸ್ಥರು ಉಡದ ಕಥೆಯನ್ನು ಸಂತೋಷದಿಂದ ಬರೆಯಿಸಲಿ. ೧೬೪೮ನ್ನು ಮಾತ್ರ ಅಳಿಸದಿರಲಿ. ಪಾಲು ಕೊಡದೆ ಕಳುಹಿದ ತಮ್ಮನ ಹೆಸರೂ ಆ ಕಾಗದದಲ್ಲಿ ಇರಲಿ. ಮಕ್ಕಳು ಓದಿ ಕೇಳಿದರೆ, ನಡೆದದ್ದನ್ನು ನಡೆದಂತೆ ಹೇಳುವ ಹಿರಿಯರು ಮನೆಯಲ್ಲಿ ಒಬ್ಬರಾದರೂ ಇರಬೇಕು.