ರನ್ನ ಎಲ್ಲಿಂದ ಶುರು ಮಾಡಿದ?

ಕಥೆ ಕೇಳುವ ಸುಖ ಒಂದು ಬಗೆಯದಾದರೆ, ಅದನ್ನು ಕಟ್ಟಿದ ರೀತಿಯನ್ನು ಬಿಚ್ಚಿ ನೋಡುವ ಸುಖವೇ ಬೇರೆ. ಈ ಎರಡನೆಯದರ ಚಟ ಹತ್ತಿದವರಿಗೆ ಮಹಾಭಾರತದಂಥ ಹಬ್ಬ ಇನ್ನೊಂದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮುಂದೇನಾಯಿತು ಎಂಬ ಆತುರ ಅಡ್ಡ ಬರುವುದಿಲ್ಲ. ಇವನು ಎಲ್ಲಿ ಹಿಡಿದ, ಎಲ್ಲಿ ಬಿಟ್ಟ ಎಂಬುದಷ್ಟೇ ಕುತೂಹಲ. ವ್ಯಾಸರದು 18 ಪರ್ವ, ಸ್ವರ್ಗಾರೋಹಣದವರೆಗೆ. ಪಂಪ 941ರಲ್ಲಿ ಅದನ್ನೇ 14 ಆಶ್ವಾಸಗಳಿಗೆ ಇಳಿಸಿ ಅರ್ಜುನನಿಗೆ ಪಟ್ಟ ಕಟ್ಟಿ ಮುಗಿಸಿದ. ಕುಮಾರವ್ಯಾಸ ಹತ್ತನೆಯದಾದ ಗದಾಪರ್ವಕ್ಕೇ ಸಾಕೆಂದ. ಘಟನೆಗಳು ಅವೇ. ಕಥೆ ಯಾರದ್ದು ಎನ್ನುವುದು ಮಾತ್ರ ಹಿಡಿದ ಜಾಗ, ಬಿಟ್ಟ ಜಾಗಗಳ ಮೇಲೆ ನಿಂತಿದೆ ಎಂದು ನನಗನ್ನಿಸುತ್ತದೆ.

ಇದಕ್ಕೆ ಗಟ್ಟಿ ಸಾಕ್ಷಿ ರನ್ನನ ‘ಗದಾಯುದ್ಧ’. ಕಾವ್ಯ ತೆರೆಯುವ ಹೊತ್ತಿಗೆ ಯುದ್ಧ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಬಾಕಿ ಇರುವುದು ಭೀಮ ದುರ್ಯೋಧನರ ಲೆಕ್ಕ ಚುಕ್ತಾ ಆಗುವುದೊಂದೇ. ಇಷ್ಟನ್ನೇ ಇಟ್ಟುಕೊಂಡು 10 ಆಶ್ವಾಸ ಬರೆಯುವುದು ಹೇಗೆ? ರನ್ನ ದುರ್ಯೋಧನನನ್ನು ಸಂಜಯನ ಜತೆ ಹೆಣಗಳ ನಡುವೆ ನಡೆಸುತ್ತಾನೆ. ಹೊರಟದ್ದು ಶರಶಯ್ಯೆಯ ಭೀಷ್ಮರನ್ನು ಕಾಣಲು. ದಾರಿಯಲ್ಲಿ ಸಿಗುವವರು ದ್ರೋಣ, ಅಭಿಮನ್ಯು, ಸ್ವಂತ ಮಗ ಲಕ್ಷಣಕುಮಾರ, ದುಶ್ಶಾಸನ, ಕೊನೆಗೆ ಕರ್ಣ. ಒಬ್ಬೊಬ್ಬರ ಮುಂದೆಯೂ ಕಾಲು ನಿಲ್ಲುತ್ತದೆ, ಹಿಂದಿನ ಕಥೆಯ ಒಂದೊಂದು ತುಂಡು ಎದ್ದು ಬರುತ್ತದೆ. ಸಿಂಹಾವಲೋಕನ ಕ್ರಮ ಎನ್ನುವುದು ಇದನ್ನೇ. ಈಗ ಸಾಲನ್ನು ಇನ್ನೊಮ್ಮೆ ನೋಡಿ. ಸತ್ತ ಕ್ರಮವೇ ಆಗಿದ್ದರೆ ಹದಿಮೂರನೆಯ ದಿನ ಮಡಿದ ಹುಡುಗರಿಬ್ಬರೂ ದ್ರೋಣನಿಗಿಂತ ಮೊದಲು ಸಿಗಬೇಕಿತ್ತು. ಗುರು, ವೈರಿಯ ಮಗ, ತನ್ನ ಮಗ, ತಮ್ಮ, ಗೆಳೆಯ: ನೋವು ಏರುತ್ತ ಹೋಗುವ ಕ್ರಮ ಇದು. ವೈರಿಯ ಮಗನೆದುರು ಮನಸಾರೆ ಹೊಗಳುತ್ತಾನೆ. ಮಗನ, ತಮ್ಮನ ನಂತರವೂ ಇನ್ನೊಂದು ಮೆಟ್ಟಿಲಿದೆ, ಅಲ್ಲಿ ಕರ್ಣ ಬಿದ್ದಿದ್ದಾನೆ! ಛಲದಂಕಮಲ್ಲ ದುರ್ಯೋಧನನ ಬಗ್ಗೆ ಯಾವ ವರ್ಣನೆಯೂ ಹೇಳದ್ದನ್ನು ಈ ಸಾಲೇ ಹೇಳಿಬಿಡುತ್ತದೆ.

ಇದೆಲ್ಲ ಆಸ್ಥಾನದ ಲೆಕ್ಕಾಚಾರ ಎನ್ನುವವರಿದ್ದಾರೆ. ಪಂಪ ಅರಿಕೇಸರಿಯನ್ನು ಅರ್ಜುನನೊಂದಿಗೆ, ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದರು. ಆದ್ದರಿಂದ ಕೊನೆಯ ಕಿರೀಟ ಯಾರಿಗೆಂಬುದು ಮೊದಲೇ ಗೊತ್ತಿತ್ತು ಎಂದು. ಒಪ್ಪೋಣ. ಆದರೆ ಭೀಮನನ್ನು ಮೆರೆಸಲು ದುರ್ಯೋಧನನ ಈ ನಡಿಗೆ ಬೇಕಿರಲಿಲ್ಲ, ಬದಲಿಗೆ ಅಡ್ಡಿಯೇ. ಅವನ ಜತೆ ಅಷ್ಟು ದೂರ ನಡೆದುಬಂದ ಓದುಗ ತೊಡೆ ಮುರಿಯುವಾಗ ಚಪ್ಪಾಳೆ ತಟ್ಟಲಾರ. ಭಾಸನ ‘ಊರುಭಂಗ’, ಭಟ್ಟನಾರಾಯಣನ ‘ವೇಣೀಸಂಹಾರ’ಗಳಿಂದ ರನ್ನನಿಗೆ ಹೊಳಹು ಸಿಕ್ಕಿರಬಹುದು, ಸಿಗಲಿ ಬಿಡಿ, ಎರವಲು ತಂದ ಮರದಲ್ಲೂ ತೊಲೆ ಎಲ್ಲಿ ಕೂರಬೇಕೆಂದು ತಿಳಿದಿರಬೇಕಾದವನು ಬಡಗಿಯೇ. ಇನ್ನು ಶಾಸ್ತ್ರಜ್ಞರ ಆಕ್ಷೇಪ: ಆರಂಭ, ಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ ಎಂದು ನಾಟ್ಯಶಾಸ್ತ್ರ ಐದು ಅವಸ್ಥೆಗಳನ್ನು ಎಂದೋ ಹೇಳಿದೆಯಲ್ಲ, ಹೊಸದೇನು? ಆ ಐದೂ ನಾಯಕ ಫಲದತ್ತ ಹತ್ತುವ ಮೆಟ್ಟಿಲುಗಳು. ಭೀಮನಿಗೆ ಸರಿಯಾಗಿ ಹೊಂದುತ್ತವೆ. ಅದೇ ಮೆಟ್ಟಿಲುಗಳನ್ನು ಇನ್ನೊಬ್ಬ ಇಳಿಯುತ್ತಿರುವಾಗ ಕವಿ ಯಾರ ಪಕ್ಕದಲ್ಲಿ ನಿಲ್ಲಬೇಕು ಎಂದು ಶಾಸ್ತ್ರ ಹೇಳುವುದಿಲ್ಲ.

ಕೊನೆ ಎಲ್ಲಿಟ್ಟರೂ ನಡೆದೀತು ಎಂದು ಇದರಿಂದ ಹೊರಡುವುದಿಲ್ಲ. ಕುಮಾರವ್ಯಾಸ ಕೈಬಿಟ್ಟ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಷಟ್ಪದಿಯಲ್ಲೇ ಪೂರ್ತಿ ಮಾಡಿದ. ಕಥೆ ಲೆಕ್ಕಕ್ಕೆ ಸರಿಹೋಯಿತು. ಗಮಕಿಗಳು ಮಾತ್ರ ಹೆಚ್ಚಾಗಿ ಆ ಹತ್ತು ಪರ್ವಗಳಿಗೇ ಮರಳುತ್ತಾರೆ.