ಮುಳ್ಳು ಕಮ್ಮಿ ಇರುವ ಮೀನು ಯಾವುದಕ್ಕಾ?

ನಮ್ಮ ಮನೆಯಲ್ಲಿ ಮೀನು ತರುವುದು ಯಾವಾಗಲೂ ಅಪ್ಪನ ಕೆಲಸ. ಅಮ್ಮ ಮಸಾಲೆ ಕಡೆಯುತ್ತಿದ್ದರು, ನಾನು ತಿನ್ನುತ್ತಿದ್ದೆ. ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ. ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಮಾತು ಸರಿಹೋಯಿತು, ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ, ಬಲಗೈ ಮಾತ್ರ ಸೋತೇ ಉಳಿಯಿತು. ಮೀನು ಮಾರ್ಕೆಟ್ಟಿನ ಒದ್ದೆ ನೆಲದಲ್ಲಿ ನಡೆಯುವುದು ಅವರಿಂದ ಇನ್ನು ಆಗದ ಮಾತು. ನಾನು ತಿಂಗಳಿಗೆ ಹತ್ತು ದಿನ ಬೆಂಗಳೂರಿನ ಆಫೀಸಿಗೆ ಹೋದರೆ ಸಾಕು, ಉಳಿದ ದಿನ ಊರಲ್ಲೇ ಲ್ಯಾಪ್‌ಟಾಪ್. ಹಾಗಾಗಿ ಚೀಲ ನನ್ನ ಕೈಗೆ ಬಂತು.

ಆ್ಯಪ್‌ನಲ್ಲಿ ತರಿಸಿದರಾಯ್ತಲ್ಲ ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ ನಾನೂ ತರಿಸುತ್ತೇನೆ. ಆದರೆ ಅಪ್ಪ ಮೀನಿನ ಮುಖ ನೋಡದೆ ತಿನ್ನುವವರಲ್ಲ. ತಲೆ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದರೆ, "ಇದರ ಊರು ಯಾವುದು?" ಅಂತ ಕೇಳುತ್ತಾರೆ.

ಮೊದಲ ವಾರ ಪೂರ್ತಿ ಕುರ್ಚಿಯಲ್ಲಿ ಕೂತೇ ಪಾಠ ಮಾಡಿದರು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಒಳಗೆ ಕುಸಿದು ಮಬ್ಬಾಗಿದ್ದರೆ ಮುಂದೆ ಹೋಗು. ಕಿವಿರು ಎತ್ತಿ ನೋಡು, ಕೆಂಪಿರಬೇಕು, ಕಂದು ಬಣ್ಣ ಆಗಬಾರದು. ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಬೂತಾಯಿಯದ್ದು ಹೊಟ್ಟೆ ನೋಡು, ಮೊದಲು ಒಡೆಯುವುದು ಅದೇ. ಸಿಗಡಿಯ ತಲೆ ಕಪ್ಪಾಗಿ ಕಳಚುತ್ತಿದ್ದರೆ ಬೇಡ. ಮರ್ವಾಯಿ ಬಾಯಿ ಬಿಟ್ಟಿದ್ದರೆ ಒಮ್ಮೆ ತಟ್ಟು, ಜೀವ ಇದ್ದರೆ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಹೇಳಿ ಕೊನೆಗೆ, "ಮೂಗಿದೆಯಲ್ಲ ನಿನಗೆ?" ಅಂದರು. ತಾಜಾ ಮೀನಿಗೆ ಸಮುದ್ರದ ವಾಸನೆ ಇರುತ್ತದೆ, ಮೀನಿನ ವಾಸನೆ ಅಲ್ಲ.

ವಿಡಿಯೋ ಕಾಲ್ ಕೂಡ ಮಾಡಿ ನೋಡಿದೆವು. ನಾನು ಬಂಗುಡೆಯ ಕಿವಿರು ಎತ್ತಿ ಕ್ಯಾಮೆರಾಕ್ಕೆ ಹಿಡಿದರೆ ಅಪ್ಪ, "ಲೈಟಿನಲ್ಲಿ ಎಲ್ಲ ಕೆಂಪೇ ಕಾಣ್ತದೆ, ಒತ್ತಿ ನೋಡು" ಅಂತ ಬೊಬ್ಬೆ. ಪಕ್ಕದಲ್ಲಿ ಕಾನೆ ಮಾರುತ್ತಿದ್ದ ಅಕ್ಕ ನನ್ನ ಕೈಯಿಂದ ಫೋನ್ ತಗೊಂಡು, "ನೀವು ಸುಮ್ಮನಿರಿ ಮಾರಾಯ್ರೆ, ನಾನು ನೋಡಿ ಕೊಡ್ತೇನೆ" ಅಂದರು. ಇಪ್ಪತ್ತು ವರ್ಷದಿಂದ ಅಪ್ಪ ಅವರ ಗಿರಾಕಿಯಂತೆ. ಅಪ್ಪ ಅದನ್ನು ಹೇಳಿಯೇ ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಅಪ್ಪನಿಗೆ ಬೇರೆಯೇ ಒಂದು ಬದುಕಿತ್ತು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಅಕ್ಕ ಬೆಳಗಿನ ಜಾವಕ್ಕೇ ಮಲ್ಪೆ ಬಂದರಿಗೆ ಹೋಗಿ ಏಲಂನಲ್ಲಿ ಬುಟ್ಟಿ ಹಿಡಿದು ಬರುತ್ತಾರೆ. ನಾನು ಎಂಟಕ್ಕೆ ಹಲ್ಲುಜ್ಜುವಾಗ ಅವರದ್ದು ಅರ್ಧ ದಿನ ಮುಗಿದಿರುತ್ತದೆ. ಅಪ್ಪನ ಪಾಠದಲ್ಲಿ ಇಲ್ಲದ ಒಂದು ಸಂಗತಿ ಅವರಿಂದ ಕಲಿತೆ. "ಇವತ್ತಿನ ಮೀನಾ?" ಅಂತ ಕೇಳಬಾರದು, "ಯಾವ ಬೋಟಿನದ್ದು?" ಅಂತ ಕೇಳಬೇಕು. ದೊಡ್ಡ ಟ್ರಾಲ್ ಬೋಟುಗಳು ವಾರಕ್ಕೂ ಹೆಚ್ಚು ದಿನ ಕಡಲಲ್ಲೇ ಇರುತ್ತವೆ, ಹಿಡಿದದ್ದನ್ನು ಐಸಿನಲ್ಲಿ ಇಟ್ಟಿರುತ್ತವೆ. ಇವತ್ತು ಬೆಳಿಗ್ಗೆ ಬಂದರಿಗೆ ಬಂದ ಮೀನು ಇವತ್ತೇ ಹಿಡಿದದ್ದು ಆಗಬೇಕಂತಿಲ್ಲ. ನಾಡದೋಣಿಯದ್ದು, ದಡದಿಂದ ಎಳೆಯುವ ಕೈರಂಪಣಿಯದ್ದು ಆದರೆ ಅದೇ ದಿನದ್ದು. ಐಸಿನ ಮೀನು ಹಾಳು ಅಂತಲ್ಲ, ಚೆನ್ನಾಗಿ ಐಸ್ ಹಾಕಿದ್ದು ಬಿಸಿಲಲ್ಲಿ ಎರಡು ಗಂಟೆ ಬಿದ್ದ ತಾಜಾ ಮೀನಿಗಿಂತ ಎಷ್ಟೋ ವಾಸಿ. ಅದರಲ್ಲೂ ಬಂಗುಡೆ, ಬೂತಾಯಿಯನ್ನು ಸೆಕೆಯಲ್ಲಿ ಹಾಗೇ ಬಿಟ್ಟರೆ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮೈ ತುರಿಕೆ, ಮುಖ ಕೆಂಪಾಗುವುದು ಎಷ್ಟೋ ಸಲ ಅದರಿಂದಲೇ. ಮಾರ್ಕೆಟ್ಟಿನಿಂದ ನೇರ ಮನೆಗೆ ಹೋಗುವುದಿಲ್ಲ ಅಂತಾದರೆ ಚೀಲಕ್ಕೆ ಒಂದು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ, ಯಾರೂ ಇಲ್ಲ ಅನ್ನುವುದಿಲ್ಲ.

ಇಷ್ಟು ಕಲಿತು ಒಳ್ಳೊಳ್ಳೆ ಮೀನು ತಂದರೂ ಮನೆಯಲ್ಲಿ ಅಪ್ಪ ತಿನ್ನುತ್ತಿರಲಿಲ್ಲ. ಸಾರು ಕಲಸಿಕೊಂಡು ಎದ್ದುಬಿಡುತ್ತಿದ್ದರು. ಕೇಳಿದರೆ "ರುಚಿ ಇಲ್ಲ" ಅನ್ನುವುದು. ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ರುಚಿ ಬದಲಾಗುತ್ತದೆ ಅಂತ ಡಾಕ್ಟರ್ ಕೂಡ ಹೇಳಿದ್ದರು. ತೂಕ ಇಳಿಯುತ್ತಾ ಹೋಯಿತು. ಅಮ್ಮ ರಾತ್ರಿ ಅಡುಗೆಮನೆಯಲ್ಲಿ ಒಬ್ಬರೇ ಕೂತಿರುವುದನ್ನು ಎರಡು ಸಲ ನೋಡಿದೆ.

ಆಗ ಜುಲೈ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮರಿ ಹಾಕುವ ಕಾಲ ಅಂತ. ಕಡಲು ಬಿಟ್ಟುಕೊಟ್ಟ ದಿನ ನಾಡದೋಣಿಯ ಮೀನು ಸ್ವಲ್ಪ ಬರುತ್ತದೆ, ಉಳಿದದ್ದೆಲ್ಲ ದೂರದಿಂದ ಲಾರಿಯಲ್ಲಿ. ನಮ್ಮ ಅಜ್ಜಿಯ ಕಾಲದಲ್ಲಿ ಈ ಎರಡು ತಿಂಗಳಿಗೆ ಒಣಮೀನು, ಅಪ್ಪನಿಗೆ ಉಪ್ಪು ಕಮ್ಮಿ ಮಾಡಿ ಅಂದಿರುವುದರಿಂದ ಅದೂ ಇಲ್ಲ. 2018ರಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಹಾಕಿದ ಮೀನು ಸಿಕ್ಕಿದ ಮೇಲಂತೂ ಲಾರಿ ಮೀನೆಂದರೆ ಅಮ್ಮನಿಗೆ ಭಯ. ಆ ಶನಿವಾರ ನಾನು ಬಂಗುಡೆಯ ಮುಂದೆ ನಿಂತದ್ದನ್ನು ನೋಡಿ ಅಕ್ಕ, "ಇವತ್ತು ಬೇಡ ಮಗಾ, ಇದನ್ನು ನಾನು ಒತ್ತಾಯಕ್ಕೆ ಇಟ್ಕೊಂಡು ಕೂತಿದ್ದೇನೆ" ಅಂದರು. ತಮ್ಮದೇ ಬುಟ್ಟಿಯ ಮೀನಿನ ಬಗ್ಗೆ! ಆಮೇಲೆ ಕೇಳಿದರು:

"ಅಪ್ಪ ಈಗ ಯಾವ ಕೈಯಲ್ಲಿ ಊಟ ಮಾಡ್ತಾರೆ?"

"ಎಡಗೈಯಲ್ಲಿ. ಚಮಚ."

"ಮತ್ತೆ ಬಂಗುಡೆಯ ಮುಳ್ಳು ತೆಗೆಯುವುದು ಹೇಗೆ?"

ನಾನು ಉತ್ತರ ಹೇಳಲಿಲ್ಲ. ಅಪ್ಪ ಅಂದರೆ ಬಂಗುಡೆಯನ್ನು ತಲೆಯಿಂದ ಬಾಲದವರೆಗೆ ಬಿಡಿಸಿ, ತಟ್ಟೆಯ ಅಂಚಿಗೆ ಮುಳ್ಳನ್ನು ಬಾಚಣಿಗೆಯ ಹಾಗೆ ಇಡುತ್ತಿದ್ದವರು. ನನಗೆ ಹತ್ತು ವರ್ಷ ಆಗುವವರೆಗೂ ನನ್ನ ತಟ್ಟೆಯದ್ದನ್ನೂ ಅವರೇ ಬಿಡಿಸುತ್ತಿದ್ದರು. ಬಿಡಿಸಿ ಕೊಡ್ತೇನೆ ಅಂತ ಅಮ್ಮ ಹೇಳಿದರೆ ಅವರು ಒಪ್ಪುವವರಲ್ಲ, ಅದು ಅಕ್ಕನಿಗೂ ಗೊತ್ತಿತ್ತು.

"ಮುಳ್ಳು ಕಮ್ಮಿ ಇರುವ ಮೀನು ಯಾವುದಕ್ಕಾ?"

ಅಲ್ಲಿಂದ ಶುರುವಾಯಿತು ನೋಡಿ ಹೊಸ ಲೆಕ್ಕ. ಕಾನೆಯ ನಡುಮುಳ್ಳು ಹಿಡಿದು ಎಳೆದರೆ ಎರಡೂ ಕಡೆಯ ಮಾಂಸ ಸಲೀಸಾಗಿ ಬಿಡುತ್ತದೆ. ನಂಗ್ ಆದರೆ ಚರ್ಮ ಸುಲಿಸಿಕೊಂಡು ಹೋಗಬೇಕು, ಚಮಚದಲ್ಲೇ ಬರುತ್ತದೆ. ಅಂಜಲ್ ತುಂಡಿನಲ್ಲಿ ನಡುವೆ ಒಂದು ಮೂಳೆ, ಆದರೆ ಕಿಸೆ ನೋಡಿಕೊಂಡು ತಗೊಳ್ಳಬೇಕು. ಆವತ್ತು ನಾಡದೋಣಿಯ ಆರು ನಂಗ್ ಯಾರದ್ದೋ ಬುಟ್ಟಿಯಲ್ಲಿದ್ದವು, ಅಕ್ಕ ಎದ್ದು ಹೋಗಿ ಚೌಕಾಸಿ ಮಾಡಿ ತಂದುಕೊಟ್ಟರು. ಅವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಮನೆಯಲ್ಲಿ ಅಮ್ಮ ರವೆ ಹಚ್ಚಿ ಕಾಯಿಸಿದರು. ಅಪ್ಪ ಏನೂ ಹೇಳಲಿಲ್ಲ, ಎರಡು ತಿಂದರು. ಮೂರನೆಯದನ್ನು ಕೇಳಿ ಹಾಕಿಸಿಕೊಂಡರು.

ಈಗ ತೂಕ ನಾಲ್ಕು ಕಿಲೋ ಏರಿದೆ. ಎಡಗೈಯ ಚಮಚವೂ ಹೋಗಿ ಬೆರಳು ಬಂದಿದೆ.

ಹೋದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪನೇ ಅಕ್ಕನಿಗೆ ಫೋನ್ ಮಾಡಿದ್ದರು. ನಾನು ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಅಕ್ಕ ಇಪ್ಪತ್ತು ಬೂತಾಯಿ ತೆಗೆದಿಟ್ಟಿದ್ದರು. ಮಳೆ ಕಳೆದ ಮೇಲಿನದ್ದು, ಕೊಬ್ಬಿ ಹೊಳೆಯುತ್ತಿತ್ತು, ಮೈಯೆಲ್ಲ ಮುಳ್ಳು. "ಅವರಿಗಾಗ್ತದಾ ಅಕ್ಕಾ?" ಅಂದೆ. "ಅವರೇ ಕೇಳಿದ್ದು. ಕೊಡುವುದು ನನ್ನ ಕೆಲಸ" ಅಂದರು.

ಅಮ್ಮ ಪುಳಿಮುಂಚಿ ಮಾಡಿದರು. ಒಂದು ಗಂಟೆಗೆ ಊಟಕ್ಕೆ ಕೂತೆವು. ಅಪ್ಪ ಎಡಗೈಯ ಎರಡು ಬೆರಳಲ್ಲಿ ಒಂದೊಂದೇ ಮುಳ್ಳು ತೆಗೆದು ತಟ್ಟೆಯ ಅಂಚಿಗೆ ಇಡುತ್ತಿದ್ದರು. ಅಮ್ಮ ಬೇಕೆಂದೇ ಅತ್ತ ನೋಡಲಿಲ್ಲ. ಎರಡು ಗಂಟೆಯ ಮೀಟಿಂಗಿಗೆ ನಾನು ಲ್ಯಾಪ್‌ಟಾಪ್ ತೆರೆದಾಗ ಅವರು ಇನ್ನೂ ಮೂರನೇ ಮೀನಿನಲ್ಲಿದ್ದರು.