ಒಂದಡಿಗೆ ಇಳಿದ ರೈಲುದಾರಿ

ಕಬಕ ಪುತ್ತೂರು ನಿಲ್ದಾಣವನ್ನು ಬಿಟ್ಟ ರೈಲುಬಂಡಿಯು ಸುಬ್ರಹ್ಮಣ್ಯ ರಸ್ತೆಯನ್ನು ದಾಟಿ, 57 ಸುರಂಗಗಳ ಕತ್ತಲೆಯನ್ನು ಹಾದು ಸಕಲೇಶಪುರದತ್ತ ಏರುವಾಗ, ಕಿಟಕಿಯ ಬಳಿ ಕುಳಿತ ಮಗುವಿಗೆ ಆಸೆಯೊಂದು ಹುಟ್ಟುವುದು ಸಹಜ: ಈ ಘಟ್ಟವೂ ಬಂಡಿಯೂ ನಮ್ಮ ಮನೆಯಲ್ಲೇ ಇರಬಾರದೇ? ಬಾಲ್ಯದೊಡನೆ ಅಳಿದುಹೋಗುವ ಇಂಥ ಆಸೆಯನ್ನು ಪುಣೆಯ ಭಾವೂಸಾಹೇಬ ಜೋಶಿಯವರು ದೊಡ್ಡವರಾದ ಮೇಲೂ ಬಿಡಲಿಲ್ಲ.

ಆ ನಗರದ ಕೋಥ್ರೂಡಿನಲ್ಲಿ 1998ರ ಏಪ್ರಿಲ್ 1ರಂದು ಅವರ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯ ತೆರೆಯಿತು. 87 ಅಡಿ ಉದ್ದಕ್ಕೆ ಅಲ್ಲಿ ಒಂದೇ ಅಡಿ! ಬಂಡಿಗಳು ಓಡುತ್ತವೆ, ಸಿಗ್ನಲುಗಳು ದಾರಿ ತೋರುತ್ತವೆ, ಇರುಳು ಕವಿಯುತ್ತಲೇ ಪುಟ್ಟ ಊರಿಗೆ ದೀಪ ಹತ್ತುತ್ತದೆ. ತಮ್ಮಂಥ ಹವ್ಯಾಸಿಗಳ ಕೂಟಕ್ಕೂ ಅವರು ಆಸರೆಯಾದರು.

ಜೋಶಿಯವರು ಇಂದಿಲ್ಲ. ಬೀಗದೊಳಗಿದ್ದರೆ ಅವರೊಡನೆಯೇ ನಿಲ್ಲಬಹುದಾಗಿದ್ದ ಬಂಡಿಯು, ಊರಮಕ್ಕಳಿಗೆ ತೆರೆದಿಟ್ಟುದರಿಂದ, ಅವರ ಬಳಿಕವೂ ಓಡುತ್ತ ಬಂದಿದೆ.